ವಾರ್ಡಿನಲ್ಲಿರುವ ರೋಗಿಯ ಸ್ಥಿತಿ ಹದಗೆಟ್ಟರೆ: ತುರ್ತು ಸಹಾಯ ಕರೆಯುವುದು ಹೇಗೆ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. "ಮನೆಯವರನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ. ನರ್ಸ್ ಹತ್ತಿರ ಹೇಳಿದರೆ, ಡಾಕ್ಟರ್ ರೌಂಡ್ಸಿಗೆ ಬಂದಾಗ ಕೇಳಿ ಅಂತಾರೆ. ಅಲ್ಲಿವರೆಗೆ ಕಾಯಬೇಕಾ? ಜಾಸ್ತಿ ಕೇಳಿದರೆ ತಪ್ಪು ತಿಳಿಯುತ್ತಾರಾ?"

ಕಾಯಬೇಡಿ. ಆದರೆ ಸುಮ್ನೆ ಗಾಬರಿಯಾಗಿ ಓಡಾಡಿದರೆ ಸಹಾಯ ಬೇಗ ಬರುವುದಿಲ್ಲ. ಏನು ನೋಡಬೇಕು, ಯಾವ ಮಾತು ಆಡಬೇಕು, ಒಬ್ಬರು ಬರದಿದ್ದರೆ ಮುಂದೆ ಯಾರ ಹತ್ತಿರ ಹೋಗಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನೀವೇ ರೋಗಿಯಾಗಿದ್ದರೂ ಇದು ನಿಮಗೆ ಅನ್ವಯಿಸುತ್ತದೆ.

ರೋಗಿ ಈಗಲೇ ಉಸಿರಾಡಲು ಒದ್ದಾಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಬೆಡ್ ಪಕ್ಕದ ಬಟನ್ ಒತ್ತಿ, ಜೋರಾಗಿ ಕೂಗಿ ಸಿಬ್ಬಂದಿಯನ್ನು ಕರೆಯಿರಿ.

ಕರೆಯುವ ಹಕ್ಕು ಎಲ್ಲಿಂದ ಬಂತು

ವಾರ್ಡಿಗೂ ಐಸಿಯುಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಐಸಿಯುನಲ್ಲಿ ರೋಗಿಯ ಮೇಲೆ ಸದಾ ಕಣ್ಣಿರುತ್ತದೆ. ವಾರ್ಡಿನಲ್ಲಿ ಒಬ್ಬ ನರ್ಸ್ ಹಲವರನ್ನು ನೋಡಿಕೊಳ್ಳುತ್ತಾರೆ. ನಾಡಿ, ಬಿಪಿ ನೋಡಿ ಹೋದವರು ಮತ್ತೆ ಬರುವುದು ಕೆಲವು ಗಂಟೆಗಳಾದ ಮೇಲೆ. ಆ ನಡುವಿನ ಹೊತ್ತಿನಲ್ಲಿ ರೋಗಿಯನ್ನು ನೋಡುತ್ತಾ ಇರುವವರು ಪಕ್ಕದಲ್ಲಿ ಕೂತ ನೀವು ಮಾತ್ರ.

ವಾರ್ಡಿನಲ್ಲಿ ಹೃದಯ ನಿಂತುಹೋಗುವ ರೋಗಿಗಳಲ್ಲಿ ಹೆಚ್ಚಿನವರ ಮೈ ಅದಕ್ಕೂ ಹಲವು ಗಂಟೆ ಮೊದಲೇ ಸುಳಿವು ಕೊಟ್ಟಿರುತ್ತದೆ. ಉಸಿರಿನ ವೇಗ ಬದಲಾಗಿರುತ್ತದೆ, ಮಾತು ತಡವರಿಸುತ್ತಿರುತ್ತದೆ, ಬಿಪಿ ಇಳಿಯುತ್ತಿರುತ್ತದೆ. ಈ ಸುಳಿವು ಸಿಕ್ಕ ಕೂಡಲೇ ಐಸಿಯು ಅನುಭವ ಇರುವ ಡಾಕ್ಟರು, ನರ್ಸುಗಳು ವಾರ್ಡಿಗೇ ಓಡಿ ಬರಬೇಕು ಎಂದು 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ ಒಂದು ತಂಡ ಕಟ್ಟಿದರು. ಇಂಥ ತಂಡಕ್ಕೆ ಈಗ 'ರಾಪಿಡ್ ರೆಸ್ಪಾನ್ಸ್ ಟೀಮ್' ಎನ್ನುತ್ತಾರೆ. ಅಂದರೆ ಹೃದಯ ನಿಲ್ಲುವ ಮೊದಲೇ ಬರುವ ತುರ್ತು ತಂಡ. 'ಕೋಡ್ ಬ್ಲೂ' ತಂಡ ಸಾಮಾನ್ಯವಾಗಿ ಬರುವುದು ಹೃದಯ ಅಥವಾ ಉಸಿರು ನಿಂತ ಮೇಲೆ. ಎರಡೂ ಬೇರೆ ಬೇರೆ ಅನ್ನುವುದು ನೆನಪಿರಲಿ.

ಮೊದಮೊದಲು ಈ ತಂಡವನ್ನು ಸಿಬ್ಬಂದಿ ಮಾತ್ರ ಕರೆಯಬಹುದಿತ್ತು. ಮನೆಯವರೂ ಕರೆಯುವಂತಾಗಲು ಕೆಲವು ಮಕ್ಕಳ ಸಾವು ಕಾರಣವಾಯಿತು. ಅಮೆರಿಕದಲ್ಲಿ 2001ರಲ್ಲಿ 18 ತಿಂಗಳ ಜೋಸಿ ಕಿಂಗ್ ಆಸ್ಪತ್ರೆಯಲ್ಲೇ ತೀರಿಕೊಂಡಳು. ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತಿದೆ ಅನ್ನುವುದನ್ನು ತಾಯಿ ಗಮನಿಸಿ ಹೇಳಿದ್ದರು. 2005ರಲ್ಲಿ ಪಿಟ್ಸ್‌ಬರ್ಗಿನ ಒಂದು ಆಸ್ಪತ್ರೆ 'ಕಂಡೀಷನ್ ಎಚ್' ಎಂಬ ವ್ಯವಸ್ಥೆ ತಂದಿತು. ಎಚ್ ಅಂದರೆ ಹೆಲ್ಪ್. ಮನೆಯವರು ನೇರವಾಗಿ ಫೋನ್ ಮಾಡಿದರೆ ತಂಡ ಬರುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2007ರಲ್ಲಿ ತೀರಿಕೊಂಡ ಪುಟ್ಟ ಹುಡುಗ ರಯಾನ್ ಸಾಂಡರ್ಸ್ ಹೆಸರಿನಲ್ಲಿ, ಮನೆಯವರೇ ಕರೆ ಮಾಡಿ ರೋಗಿಯನ್ನು ಮತ್ತೆ ನೋಡುವಂತೆ ಕೇಳಬಹುದಾದ 'ರಯಾನ್ಸ್ ರೂಲ್' 2013ರಿಂದ ಇದೆ.

ಇಂಗ್ಲೆಂಡಿನಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಸೈಕಲ್ಲಿನಿಂದ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿದ್ದಾಗ ಸೆಪ್ಸಿಸ್ ಆಯಿತು. ಸೋಂಕಿಗೆ ಮೈ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳೇ ಕೆಡತೊಡಗುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಅಪ್ಪ ಅಮ್ಮ ತಮ್ಮ ಆತಂಕ ಹೇಳಿಕೊಂಡರು, ಅದಕ್ಕೆ ಬೆಲೆ ಸಿಗಲಿಲ್ಲ. 2021ರಲ್ಲಿ ಅವಳು ತೀರಿಕೊಂಡಳು. ಬೇಗ ಐಸಿಯುಗೆ ಸಾಗಿಸಿದ್ದರೆ ಬದುಕುವ ಸಾಧ್ಯತೆಯೇ ಜಾಸ್ತಿ ಇತ್ತು ಎಂದು ಮರುವರ್ಷ ವಿಚಾರಣೆಯಲ್ಲಿ ತೀರ್ಮಾನವಾಯಿತು. 2024ರಲ್ಲಿ ಅಲ್ಲಿಯೂ ಮನೆಯವರು ಹೀಗೆ ಕರೆ ಮಾಡಬಹುದಾದ 'ಮಾರ್ಥಾಸ್ ರೂಲ್' ಶುರುವಾಯಿತು. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳಲ್ಲಿ ಮನೆಯವರು, ರೋಗಿಗಳು, ಸಿಬ್ಬಂದಿ ಸೇರಿ ಕನಿಷ್ಠ 573 ಕರೆ ಮಾಡಿದರು. ಅದರಲ್ಲಿ ಸುಮಾರು ಅರ್ಧದಷ್ಟು ಕರೆಗಳಲ್ಲಿ ರೋಗಿಯನ್ನು ತುರ್ತಾಗಿ ಪರೀಕ್ಷಿಸಬೇಕಾಯಿತು. 14 ರೋಗಿಗಳನ್ನು ಕೂಡಲೇ ಐಸಿಯುಗೆ ಕಳಿಸಬೇಕಾಯಿತು. ಮನೆಯವರ ಕೈಗೆ ನಂಬರ್ ಕೊಟ್ಟರೆ ಸುಮ್ಮಸುಮ್ಮನೆ ಫೋನ್ ಮಾಡುತ್ತಾರೆ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಿಮ್ಮ ಆಸ್ಪತ್ರೆಯಲ್ಲಿ ಇಂಥ ನಂಬರ್ ಇರಬಹುದು, ಇಲ್ಲದಿರಬಹುದು. ಎರಡಕ್ಕೂ ದಾರಿ ಕೆಳಗಿದೆ.

ಏನೇನು ಬೇಕು

ಒಂದು ಚಿಕ್ಕ ನೋಟ್‌ಬುಕ್, ಪೆನ್ನು, ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಮೊಬೈಲ್. ರೋಗಿ ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಮತ್ತು ಯಾವ ಔಷಧಿ ಅವರಿಗೆ ಆಗಿಬರುವುದಿಲ್ಲ ಅನ್ನುವ ವಿವರ. ಸಾಧ್ಯವಾದರೆ ಪಾಳಿ ಬದಲಿಸಲು ಇನ್ನೊಬ್ಬರು. ನಿದ್ದೆಗೆಟ್ಟವರ ಕಣ್ಣಿಗೆ ಬದಲಾವಣೆ ಬೇಗ ಕಾಣುವುದಿಲ್ಲ.

ಹಂತ 1: ಸೇರಿದ ದಿನವೇ ಕೇಳಿಟ್ಟುಕೊಳ್ಳಿ

ಎಲ್ಲವೂ ಶಾಂತವಾಗಿದ್ದಾಗ ಕೇಳಿದರೆ ಸಿಬ್ಬಂದಿಯೂ ಸಮಾಧಾನವಾಗಿ ಹೇಳುತ್ತಾರೆ. ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದುಕೊಳ್ಳಿ:

- ಈ ಶಿಫ್ಟಿನಲ್ಲಿ ನಮ್ಮ ರೋಗಿಯ ನರ್ಸ್ ಯಾರು? ವಾರ್ಡಿನ ಇನ್‌ಚಾರ್ಜ್ ನರ್ಸ್ ಯಾರು?
- ರಾತ್ರಿ ಮತ್ತು ರಜಾದಿನ ಯಾವ ಡಾಕ್ಟರ್ ಡ್ಯೂಟಿಯಲ್ಲಿರುತ್ತಾರೆ? ಎಷ್ಟು ಹೊತ್ತಿನಲ್ಲಿ ಬರುತ್ತಾರೆ?
- ರೋಗಿ ದಿಢೀರನೆ ಹದಗೆಟ್ಟರೆ ಬರುವ ತುರ್ತು ತಂಡ ಇದೆಯಾ? ಮನೆಯವರು ನೇರವಾಗಿ ಕರೆಯಬಹುದಾ? ನಂಬರ್ ಏನು?
- ಬೆಡ್ಡಿನ ಕರೆಗಂಟೆ ಕೆಲಸ ಮಾಡುತ್ತದಾ? ಬಾತ್‌ರೂಮಿನಲ್ಲಿ ಇದೆಯಾ?
- ಇವರ ಕಾಯಿಲೆಗೆ ನಾವು ವಿಶೇಷವಾಗಿ ಗಮನಿಸಬೇಕಾದ ಅಪಾಯದ ಲಕ್ಷಣ ಯಾವುದು?

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಹೊಟ್ಟೆಯ ಆಪರೇಷನ್ ಆದವರಿಗೆ ಬೇರೆ ಲಕ್ಷಣ, ತಲೆಗೆ ಪೆಟ್ಟು ಬಿದ್ದವರಿಗೆ ಬೇರೆ. ಡಾಕ್ಟರ್ ಬಾಯಿಂದಲೇ ಬಂದ ಪಟ್ಟಿ ನಿಮ್ಮ ಹತ್ತಿರ ಇದ್ದರೆ, ಮುಂದೆ "ನೀವೇ ಹೇಳಿದ್ದ ಲಕ್ಷಣ ಈಗ ಕಾಣುತ್ತಿದೆ" ಅನ್ನಬಹುದು.

ಕರೆಗಂಟೆಯನ್ನು ಒಮ್ಮೆ ಒತ್ತಿ ನೋಡಿ. ರೋಗಿ ಮಲಗಿದಲ್ಲಿಂದ ಕೈಗೆ ಎಟುಕಬೇಕು. ಗೋಡೆಗೆ ನೇತುಹಾಕಿದ ಸ್ವಿಚ್ಚು ಬೆಡ್ಡಿನ ಹಿಂದೆ ಬಿದ್ದಿರುವುದು ತುಂಬಾ ಸಾಮಾನ್ಯ. ಪಕ್ಕದಲ್ಲಿ ಯಾರೂ ಇಲ್ಲದ ರೋಗಿಗೆ ಅದೊಂದೇ ದಾರಿ.

ಹಂತ 2: ಮಾಮೂಲಿ ಸ್ಥಿತಿ ಹೇಗಿದೆ ಬರೆದಿಡಿ

ಡಾಕ್ಟರಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಗೊತ್ತು: ಈ ಮನುಷ್ಯ ಚೆನ್ನಾಗಿದ್ದಾಗ ಹೇಗಿರುತ್ತಾರೆ ಅನ್ನುವುದು. ದಿನಾ ಜೋರಾಗಿ ಮಾತಾಡುವ ಅಜ್ಜ ಪಿಸುಗುಟ್ಟುತ್ತಿದ್ದರೆ ಅವರನ್ನು ಮೊದಲ ಸಲ ನೋಡಿದ ನರ್ಸಿಗೆ ಅದು ಬದಲಾವಣೆ ಅಂತ ಗೊತ್ತಾಗುವುದು ಹೇಗೆ?

ಅದಕ್ಕೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಮಾತು ಹೇಗಿದೆ, ಹೆಸರು, ದಿನ, ಜಾಗ ಸರಿಯಾಗಿ ಹೇಳುತ್ತಾರಾ, ತಾವೇ ಏಳುತ್ತಾರಾ, ಮಾಮೂಲಿ ಬಿಪಿ ಎಷ್ಟು. ನರ್ಸ್ ಬಂದು ನೋಡಿದಾಗಲೆಲ್ಲ "ಎಷ್ಟು ಬಂತು ಸಿಸ್ಟರ್?" ಎಂದು ಕೇಳಿ, ಸಮಯದ ಜೊತೆ ಬರೆದುಕೊಳ್ಳಿ. ಬಿಪಿ 140 ಇರುತ್ತಿದ್ದವರಿಗೆ 105 ಬಂದರೆ, ನೋಡಲು ಅದು ನಾರ್ಮಲ್ಲೇ. ಆದರೆ ಅವರ ಪಾಲಿಗೆ ದೊಡ್ಡ ಇಳಿತ.

ಹಂತ 3: ಏನು ನೋಡಬೇಕು

ಈ ಹಂತಕ್ಕೆ ಜಾಸ್ತಿ ಹೊತ್ತು ಕೊಡಿ. ಉಳಿದೆಲ್ಲ ಇದರ ಮೇಲೆ ನಿಂತಿದೆ.

*ಉಸಿರು.* ನನ್ನ ಲೆಕ್ಕದಲ್ಲಿ ಮನೆಯವರು ಕಲಿಯಲೇಬೇಕಾದ ಕೆಲಸ ಇದೊಂದು. ಯಾವ ಉಪಕರಣವೂ ಬೇಡ. ರೋಗಿಗೆ ಹೇಳದೆ ಎಣಿಸಿ, ಹೇಳಿದರೆ ಉಸಿರಾಟದ ರೀತಿಯೇ ಬದಲಾಗುತ್ತದೆ. ಹೊದಿಕೆ ಎದೆ ಅಥವಾ ಹೊಟ್ಟೆಯ ಮೇಲೆ ಏರಿ ಇಳಿಯುವುದನ್ನು ನೋಡಿ. ಒಂದು ಏರು, ಒಂದು ಇಳಿ ಸೇರಿ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಸುಮ್ಮನೆ ಮಲಗಿರುವ ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇರಬೇಕು. 25 ಅಥವಾ ಜಾಸ್ತಿ, ಇಲ್ಲವೇ 8 ಅಥವಾ ಕಡಿಮೆ ಆದರೆ ತುರ್ತು. ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲವಾ, ಕುತ್ತಿಗೆಯ ಸ್ನಾಯು ಎಳೆಯುತ್ತಿದೆಯಾ, ಅದನ್ನೂ ನೋಡಿ. ಮಕ್ಕಳ ಉಸಿರು ಸಹಜವಾಗಿಯೇ ವೇಗ, ವಯಸ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ನಿಮ್ಮ ಮಗುವಿಗೆ ಎಷ್ಟಿರಬೇಕು ಎಂದು ನರ್ಸಿನಿಂದ ಮೊದಲೇ ಬರೆಸಿಕೊಳ್ಳಿ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ.

*ಎಚ್ಚರ.* ಇದ್ದಕ್ಕಿದ್ದ ಹಾಗೆ ಗೊಂದಲ, ಮನೆಯವರ ಗುರುತು ಸಿಗದಿರುವುದು, ಇಲ್ಲದ್ದು ಕಾಣುವುದು, ವಿಪರೀತ ಚಡಪಡಿಕೆ, ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಜಾರುವುದು. ವಯಸ್ಸಾದವರಲ್ಲಿ ಇದನ್ನು "ವಯಸ್ಸಾಯ್ತಲ್ಲ" ಎಂದು ತಳ್ಳಿಹಾಕುವವರೇ ಜಾಸ್ತಿ. ನಿನ್ನೆ ಸರಿ ಇದ್ದವರಿಗೆ ಇವತ್ತು ಗೊಂದಲ ಶುರುವಾಗಿದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ. ಸೋಂಕು, ಆಮ್ಲಜನಕದ ಕೊರತೆ, ಸಕ್ಕರೆ ಇಳಿದಿರುವುದು, ಔಷಧಿಯ ಪರಿಣಾಮ, ಏನೋ ಒಂದು ಇದ್ದೇ ಇರುತ್ತದೆ.

*ನೋವಿನ ಔಷಧಿ ಕೊಟ್ಟ ಮೇಲಿನ ನಿದ್ದೆ.* ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ತರಹದ ಬಲವಾದ ನೋವಿನ ಔಷಧಿಗಳು ಉಸಿರಾಟವನ್ನು ನಿಧಾನಗೊಳಿಸಬಲ್ಲವು. "ಪಾಪ, ಈಗ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ, ಎಬ್ಬಿಸೋದು ಬೇಡ" ಅನ್ನುವ ಪ್ರೀತಿಯ ಮಾತೇ ಇಲ್ಲಿ ಅಪಾಯ. ಆಪರೇಷನ್ ಆದ ಮೊದಲ ರಾತ್ರಿ ಆಗಾಗ ಉಸಿರು ಎಣಿಸಿ. ಹಿಂದೆ ಇಲ್ಲದ ಗೊರಕೆ ಬಂದರೆ, ನಡುನಡುವೆ ಉಸಿರು ನಿಂತು ಮತ್ತೆ ಶುರುವಾದರೆ, ಭುಜ ಅಲುಗಾಡಿಸಿ ಎಬ್ಬಿಸಿ. ಮಾತಾಡುವಷ್ಟು ಎಚ್ಚರವಾಗದಿದ್ದರೆ ಕೂಡಲೇ ಕರೆಯಿರಿ. ಆಮ್ಲಜನಕದ ಮಾಸ್ಕ್ ಹಾಕಿದ್ದರೆ ಬೆರಳಿನ ಮೀಟರಿನಲ್ಲಿ 97, 98 ತೋರಿಸುತ್ತಲೇ ಇರಬಹುದು, ಉಸಿರು ಮಾತ್ರ ಕುಸಿಯುತ್ತಿರಬಹುದು. ಮೀಟರ್ ನೋಡಿ ನೆಮ್ಮದಿಯಾಗಬೇಡಿ, ಎದೆ ನೋಡಿ. ಈ ಔಷಧಿಗಳ ಪರಿಣಾಮ ತೆಗೆಯುವ ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ, ಹಾಗಾಗಿ ಬೇಗ ಕರೆದರೆ ಪರಿಹಾರವೂ ಬೇಗ.

*ಚರ್ಮ, ಕೈಕಾಲು.* ಮೈ ತಣ್ಣಗಾಗಿ ಬೆವರುವುದು, ತುಟಿ ಬಿಳಿಚಿಕೊಳ್ಳುವುದು ಅಥವಾ ನೀಲಿಯಾಗುವುದು, ಚರ್ಮದ ಮೇಲೆ ಕಲೆಕಲೆಯಾಗಿ ಬಲೆಯಂಥ ಗುರುತು. ಬೆರಳ ತುದಿಯನ್ನು 5 ಸೆಕೆಂಡ್ ಒತ್ತಿ ಬಿಡಿ. 2 ಸೆಕೆಂಡಿನಲ್ಲಿ ಬಣ್ಣ ಮರಳಬೇಕು. 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಹೇಳಿ. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ನೀಲಿ ಛಾಯೆ ಮೈಮೇಲೆ ಕಾಣುವುದಿಲ್ಲ. ನಾಲಿಗೆ, ಒಸಡು, ಉಗುರಿನ ಬುಡ ನೋಡಿ. ಬೆರಳಿನ ಮೀಟರ್ ಕೂಡ ಅಂಥವರಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ನೇಲ್ ಪಾಲಿಶ್, ತಣ್ಣಗಿನ ಬೆರಳು ಇದ್ದರೂ ಲೆಕ್ಕ ತಪ್ಪುತ್ತದೆ.

*ಮೂತ್ರ.* ಯೂರಿನ್ ಬ್ಯಾಗ್ ಇದ್ದರೆ ಅದರ ಮೇಲೆ ಗೆರೆಗಳಿರುತ್ತವೆ. ದೊಡ್ಡವರಿಗೆ ತೂಕದ ಪ್ರತಿ ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಆದರೂ ಬರಬೇಕು. 60 ಕೆಜಿ ಇರುವವರಿಗೆ ಗಂಟೆಗೆ 30 ಎಂಎಲ್. ಕೆಲವು ಗಂಟೆಗಳಿಂದ ಗೆರೆ ಏರದಿದ್ದರೆ, ಮೊದಲು ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ, ಆಮೇಲೆ ಹೇಳಿ.

ಎದೆನೋವು, ತಡೆಯಲಾರದ ಹೊಸ ನೋವು, ನಿಲ್ಲದ ರಕ್ತಸ್ರಾವ, ಫಿಟ್ಸ್, ಇವುಗಳಿಗೆ ವಿವರಣೆ ಬೇಕಿಲ್ಲ. ಮುಖ ಒಂದು ಕಡೆ ಜೋತುಬಿದ್ದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಲೆಕ್ಕ ಶುರುವಾಗುವುದು ಅಲ್ಲಿಂದ. ರಕ್ತ ಅಥವಾ ಇಂಜೆಕ್ಷನ್ ಕೊಡುತ್ತಿರುವಾಗಲೇ ನಡುಕ, ತುರಿಕೆ, ದದ್ದು, ಉಸಿರುಕಟ್ಟುವುದು ಶುರುವಾದರೆ "ಇದನ್ನು ನಿಲ್ಲಿಸಿ ನೋಡಿ" ಎಂದು ಆ ಕ್ಷಣವೇ ನರ್ಸನ್ನು ಕರೆಯಿರಿ.

ಇದ್ಯಾವುದೂ ಇಲ್ಲ, ಆದರೂ "ಇವರು ಸರಿ ಇಲ್ಲ" ಅನ್ನಿಸುತ್ತಿದೆಯಾ? ಅದೂ ಒಂದು ಲಕ್ಷಣವೇ. ಮೇಲೆ ಹೇಳಿದ ನಿಯಮಗಳೆಲ್ಲ ಮನೆಯವರ ಆತಂಕವನ್ನೇ ಕರೆಯಲು ಸಾಕಾದ ಕಾರಣ ಎಂದು ಒಪ್ಪುತ್ತವೆ.

ಹಂತ 4: ಹೇಳುವ ಮಾತು

"ಸಿಸ್ಟರ್, ಸ್ವಲ್ಪ ಬಂದು ನೋಡ್ತೀರಾ?" ಈ ಮಾತಿಗೆ "ಬರ್ತೀನಿ" ಅನ್ನುವ ಉತ್ತರ ಸಿಗುತ್ತದೆ. ಅವರ ಕೈಯಲ್ಲಿ ಇನ್ನೂ ಮೂರು ಕೆಲಸ ಇರುತ್ತವೆ. ನಿಮ್ಮದು ಯಾಕೆ ಮೊದಲು ಅನ್ನುವುದು ಅವರಿಗೆ ಕೇಳಬೇಕು. ಆದ್ದರಿಂದ ನಾಲ್ಕು ವಿಷಯ, ಇದೇ ಕ್ರಮದಲ್ಲಿ: ಈಗ ಏನಾಗಿದೆ, ಮೊದಲು ಹೇಗಿದ್ದರು, ನಿಮಗೆ ಏನು ಭಯ, ಏನು ಬೇಕು.

"ಸಿಸ್ಟರ್, 14ನೇ ಬೆಡ್. ನಮ್ಮಮ್ಮನ ಉಸಿರು ನಿಮಿಷಕ್ಕೆ 28 ಇದೆ, ನಾನೇ ಎಣಿಸಿದೆ. ಬೆಳಗ್ಗೆ 18 ಇತ್ತು, ಆರಾಮಾಗಿ ಮಾತಾಡ್ತಿದ್ರು. ಈಗ ನನ್ನ ಹೆಸರು ಕೂಡ ಹೇಳ್ತಿಲ್ಲ. ಸೋಂಕು ಜಾಸ್ತಿ ಆಯ್ತೇನೋ ಅಂತ ಭಯ. ಈಗಲೇ ಬಂದು ಬಿಪಿ, ಆಕ್ಸಿಜನ್ ನೋಡಿ, ಡಾಕ್ಟರನ್ನ ಕರೀರಿ."

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಡಾಕ್ಟರು, ನರ್ಸುಗಳು ತಮ್ಮತಮ್ಮಲ್ಲಿ ರೋಗಿಯ ವಿಷಯ ದಾಟಿಸುವುದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಹಾಗಾಗಿ ಅವರ ಕಿವಿಗೆ ಬೇಗ ಹತ್ತುತ್ತದೆ. ಬಾಯಿ ಒಣಗಿ ಮಾತು ಬರದಿದ್ದರೆ ನೋಟ್‌ಬುಕ್ ತೋರಿಸಿ ಓದಿ.

ನರ್ಸ್ ಬಂದು ನೋಡಿದ ಮೇಲೆ "ಸ್ಕೋರ್ ಎಷ್ಟಾಯಿತು?" ಎಂದು ಕೇಳಿ. ಅನೇಕ ಆಸ್ಪತ್ರೆಗಳಲ್ಲಿ 'ಅರ್ಲಿ ವಾರ್ನಿಂಗ್ ಸ್ಕೋರ್' ಎಂಬ ಚಾರ್ಟ್ ಇರುತ್ತದೆ. ಉಸಿರು, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡುತ್ತಾರೆ. ಹೆಚ್ಚು ಅಂಕ ಅಂದರೆ ಹೆಚ್ಚು ಅಪಾಯ. ಬ್ರಿಟನ್ನಿನಲ್ಲಿ ಬಳಸುವ ಚಾರ್ಟಿನ ಪ್ರಕಾರ 5 ಬಂದರೆ ಡಾಕ್ಟರ್ ಬೇಗ ಬಂದು ನೋಡಬೇಕು, 7 ಅಥವಾ ಜಾಸ್ತಿ ಬಂದರೆ ತುರ್ತು ತಂಡ ಬರಬೇಕು. ಬೇರೆ ಆಸ್ಪತ್ರೆಯ ಚಾರ್ಟ್ ಬೇರೆ ಇರಬಹುದು. ಆದರೆ ಈ ಪ್ರಶ್ನೆ ಕೇಳಿದಾಗ ಲೆಕ್ಕ ಹಾಕದೇ ಬಿಟ್ಟಿದ್ದವರೂ ಹಾಕುತ್ತಾರೆ.

ಹಂತ 5: ಒಬ್ಬರು ಬರದಿದ್ದರೆ ಮೇಲಿನವರು

ಕ್ರಮ ಹೀಗೆ: ರೋಗಿಯ ನರ್ಸ್, ವಾರ್ಡಿನ ಇನ್‌ಚಾರ್ಜ್ ನರ್ಸ್, ಡ್ಯೂಟಿ ಡಾಕ್ಟರ್, ರೋಗಿಯನ್ನು ನೋಡುತ್ತಿರುವ ತಜ್ಞ ಡಾಕ್ಟರ್. ಅಲ್ಲಿಂದಾಚೆ ತುರ್ತು ತಂಡ ಅಥವಾ ಆ ಹೊತ್ತಿನ ಆಸ್ಪತ್ರೆಯ ಮೇಲ್ವಿಚಾರಕರು.

ಪ್ರತಿ ಮೆಟ್ಟಿಲಿಗೂ ಸಮಯ ನಿಗದಿ ಮಾಡಿಕೊಳ್ಳಿ. ನನ್ನ ಸಲಹೆ 15 ನಿಮಿಷ. ಉಸಿರು ಅಥವಾ ಎಚ್ಚರದ ತೊಂದರೆ ಇದ್ದರೆ ಆ 15 ನಿಮಿಷವೂ ಇಲ್ಲ, ಅಲ್ಲಿಂದಲೇ ಮುಂದಿನವರನ್ನು ಹುಡುಕಿ. ಹೋಗುವ ಮುನ್ನ ಹೇಳಿ ಹೋಗಿ: "ನಿಮ್ಮ ಮೇಲೆ ದೂರು ಹೇಳ್ತಿಲ್ಲ ಸಿಸ್ಟರ್, ನಿಮಗೆ ಕೆಲಸ ಜಾಸ್ತಿ ಇದೆ ಅಂತ ಗೊತ್ತು. ಆದ್ರೆ ನನಗೆ ತುಂಬಾ ಆತಂಕ ಆಗ್ತಿದೆ, ಅದಕ್ಕೆ ಇನ್‌ಚಾರ್ಜ್ ಹತ್ರ ಹೋಗ್ತಿದ್ದೀನಿ." ಎಷ್ಟೋ ಸಲ ಈ ಒಂದು ಮಾತಿಗೇ ಕೆಲಸ ಆಗುತ್ತದೆ.

"ನೋಡಿದ್ದೀವಿ, ಎಲ್ಲಾ ಸರಿ ಇದೆ" ಎಂಬ ಉತ್ತರ ಬಂದರೆ ಮೂರು ಪ್ರಶ್ನೆ ಕೇಳಿ. ಈ ಬದಲಾವಣೆಗೆ ಕಾರಣ ಏನಿರಬಹುದು? ಅಪಾಯ ಅಲ್ಲ ಅಂತ ಯಾವುದರಿಂದ ಗೊತ್ತಾಯಿತು? ಮತ್ತೆ ಯಾವಾಗ ನೋಡುತ್ತೀರಿ? ಉತ್ತರ ಸಮಾಧಾನ ತಂದರೆ ಒಳ್ಳೆಯದು. ತರದಿದ್ದರೆ, "ನನ್ನ ಆತಂಕವನ್ನು ಕೇಸ್ ಶೀಟಿನಲ್ಲಿ ಸಮಯದ ಜೊತೆ ಬರೆಯಿರಿ, ಇನ್ನೊಬ್ಬ ಡಾಕ್ಟರ್ ನೋಡಲಿ" ಎಂದು ಕೇಳಿ. ಎರಡನೆಯ ಅಭಿಪ್ರಾಯ ಕೇಳುವುದು ಅವಮಾನ ಮಾಡಿದಂತೆ ಅಲ್ಲವೇ ಅಲ್ಲ.

ಹಂತ 6: ನೇರ ನಂಬರ್ ಇದ್ದರೆ

ಫೋನ್ ಎತ್ತಿದವರಿಗೆ ಮೊದಲು ಜಾಗ ಹೇಳಿ: ಮಹಡಿ, ವಾರ್ಡು, ಬೆಡ್ ನಂಬರ್. ಆಮೇಲೆ ರೋಗಿಯ ಹೆಸರು, ನೀವು ಯಾರು, ಏನಾಗಿದೆ, ವಾರ್ಡಿನಲ್ಲಿ ಯಾರಿಗೆ ಎಷ್ಟು ಹೊತ್ತಿಗೆ ಹೇಳಿದಿರಿ. ಅವರು ಇಡುವವರೆಗೂ ಫೋನ್ ಇಡಬೇಡಿ. ವಾರ್ಡಿನ ನರ್ಸಿಗೂ ಕರೆ ಮಾಡಿದ್ದನ್ನು ತಿಳಿಸಿ.

ಈ ನಂಬರ್ ಊಟ ತಡವಾಯಿತು, ರೂಮ್ ಬದಲಿಸಿ ಅನ್ನುವಂಥ ದೂರಿಗಲ್ಲ. ರೋಗಿಯ ಸ್ಥಿತಿ ಹದಗೆಡುತ್ತಿದೆ ಮತ್ತು ಹೇಳಿದರೂ ಪ್ರಯೋಜನ ಆಗಿಲ್ಲ ಅನ್ನುವಾಗ ಬಳಸಬೇಕು.

ಹಂತ 7: ನಂಬರೇ ಇಲ್ಲದಿದ್ದರೆ

ಆಸ್ಪತ್ರೆಯ ಆಪರೇಟರಿಗೆ, ಅಂದರೆ ಮುಖ್ಯ ಫೋನ್ ನಂಬರಿಗೆ, ಕರೆ ಮಾಡಿ. "ಇಂಥ ವಾರ್ಡಿನ ರೋಗಿ ಸೀರಿಯಸ್ ಆಗಿದ್ದಾರೆ, ಡ್ಯೂಟಿಯಲ್ಲಿರುವ ಹಿರಿಯ ಡಾಕ್ಟರಿಗೆ ಕನೆಕ್ಟ್ ಮಾಡಿ" ಎನ್ನಿ. ರಾತ್ರಿ ಹೊತ್ತು ನರ್ಸಿಂಗ್ ಮೇಲ್ವಿಚಾರಕರು ಅಂತ ಒಬ್ಬರು ಇರುತ್ತಾರೆ, ಅವರನ್ನು ಕೇಳಿ. ತಜ್ಞ ಡಾಕ್ಟರ್ ನಂಬರ್ ಮೊದಲೇ ಕೊಟ್ಟಿದ್ದರೆ ಸಂಕೋಚ ಬಿಟ್ಟು ಫೋನ್ ಮಾಡಿ. ಒಬ್ಬರು ರೋಗಿಯ ಹತ್ತಿರವೇ ಇರಲಿ, ಇನ್ನೊಬ್ಬರು ಓಡಾಡಲಿ.

ರೋಗಿ ಕುಸಿದುಬಿದ್ದು, ಕರೆದರೆ ಪ್ರತಿಕ್ರಿಯೆ ಇಲ್ಲದೆ, ಉಸಿರಾಟವೂ ಸರಿಯಾಗಿ ಕಾಣದಿದ್ದರೆ ಮೆಟ್ಟಿಲು ಗಿಟ್ಟಿಲು ಏನೂ ಇಲ್ಲ. ಜೋರಾಗಿ ಕೂಗಿ, "ಕೋಡ್ ಬ್ಲೂ" ಎನ್ನಿ, ಬಟನ್ ಒತ್ತಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದನ್ನು ಉಸಿರಾಟ ಎಂದುಕೊಳ್ಳಬೇಡಿ. ಸಿಬ್ಬಂದಿ ಬರುವವರೆಗೆ ಎದೆಯ ನಡುಭಾಗವನ್ನು ಎರಡೂ ಕೈಯಿಂದ ಒತ್ತಿ: ದೊಡ್ಡವರಲ್ಲಿ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಸಿಬ್ಬಂದಿ ಬಂದ ಕೂಡಲೇ ಜಾಗ ಬಿಡಿ.

ಎಡವುವುದು ಎಲ್ಲಿ

ಬೆಳಗಿನ ರೌಂಡ್ಸಿಗೆ ಕಾಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ರಾತ್ರಿ ಎರಡು ಗಂಟೆಗೆ ಕಂಡದ್ದನ್ನು ಎರಡು ಗಂಟೆಗೇ ಹೇಳಬೇಕು.

ಕಿರುಚಾಡಿದರೆ, ಬೈದರೆ, ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಿದರೆ ಎಲ್ಲರ ಗಮನ ರೋಗಿಯಿಂದ ನಿಮ್ಮ ಕಡೆ ತಿರುಗುತ್ತದೆ. ಸೆಕ್ಯುರಿಟಿ ಬರುತ್ತಾರೆ, ಡಾಕ್ಟರ್ ಬರುವುದಿಲ್ಲ. ಗಟ್ಟಿಯಾಗಿ ನಿಲ್ಲಿ, ದನಿ ಏರಿಸಬೇಡಿ. ಕೈ ಮಾಡುವುದಂತೂ ಯಾವ ಕಾರಣಕ್ಕೂ ಬೇಡ.

ಐದು ಜನ ಸಂಬಂಧಿಕರು ಐದು ಕಡೆಯಿಂದ ಮಾತಾಡಬೇಡಿ. ಒಬ್ಬರನ್ನು ಮಾತಿಗೆ ಇಟ್ಟುಕೊಳ್ಳಿ, ಎಲ್ಲಾ ವಿವರವೂ ಅವರ ಹತ್ತಿರ ಇರಲಿ.

ಬಾಯಿಗೆ ನೀರು, ಊಟ, ಮಾತ್ರೆ ಹಾಕಬೇಡಿ. ಎಚ್ಚರ ಕಡಿಮೆ ಇದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವುದು, ಡ್ರಿಪ್ ಜೋರು ಮಾಡುವುದು, ಮಾನಿಟರಿನ ಸದ್ದು ನಿಲ್ಲಿಸುವುದು ನಿಮ್ಮ ಕೆಲಸವಲ್ಲ. ಸದ್ದು ಬಂದರೆ ಕರೆಯಿರಿ.

ನಾಡಿ ನಾರ್ಮಲ್ ಇದೆ ಎಂದು ಪೂರ್ತಿ ನಂಬಬೇಡಿ. ಬಿಪಿ ಅಥವಾ ಹೃದಯಕ್ಕಾಗಿ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪಾಯದಲ್ಲೂ ನಾಡಿ ಏರದಿರಬಹುದು. ಮೆಟೊಪ್ರೊಲಾಲ್, ಅಟೆನೊಲಾಲ್ ಇಂಥವು. ವಯಸ್ಸಾದವರಲ್ಲಿ ದೊಡ್ಡ ಸೋಂಕಿದ್ದರೂ ಜ್ವರ ಬಾರದಿರಬಹುದು. ಅದಕ್ಕೇ ಮಾತ್ರೆಗಳ ಪಟ್ಟಿ ಜೊತೆಗಿರಲಿ ಎಂದದ್ದು.

ಸಿಟ್ಟಿನಲ್ಲಿ ರೋಗಿಯನ್ನು ಹಾಗೇ ಎತ್ತಿಕೊಂಡು ಬೇರೆ ಆಸ್ಪತ್ರೆಗೆ ಹೊರಡಬೇಡಿ. ಉಸಿರು, ಬಿಪಿ ಸ್ಥಿರವಾಗದ ರೋಗಿಗೆ ದಾರಿಯೇ ಅಪಾಯ. ಸಾಗಿಸಲೇಬೇಕೆಂದಿದ್ದರೆ ಅಲ್ಲಿ ಬೆಡ್ ಇದೆಯಾ, ಆಂಬ್ಯುಲೆನ್ಸಿನಲ್ಲಿ ಆಕ್ಸಿಜನ್ ಮತ್ತು ನೋಡಿಕೊಳ್ಳುವವರು ಇದ್ದಾರಾ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಹಂತ 8: ತಂಡ ಬಂದ ಮೇಲೆ

ಬೆಡ್ಡಿನ ಪಕ್ಕದಿಂದ ಸರಿದು ನಿಲ್ಲಿ, ಆದರೆ ಕಾಣುವಷ್ಟು ದೂರದಲ್ಲೇ ಇರಿ. ಕೇಳಿದಾಗ ಮಾತ್ರ ಉತ್ತರಿಸಿ. ಯಾವಾಗ ಶುರುವಾಯಿತು, ಕೊನೆಗೆ ಏನು ತಿಂದರು, ಯಾವ ಔಷಧಿ ಯಾವಾಗ ಕೊಟ್ಟರು, ಯಾವುದಕ್ಕೆ ಅಲರ್ಜಿ, ಇಷ್ಟು ನಿಮ್ಮ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಮುಂದಿನ ಚಿಕಿತ್ಸೆಯ ಬಗ್ಗೆ ರೋಗಿ ಮೊದಲೇ ಏನಾದರೂ ಇಷ್ಟ ಹೇಳಿಕೊಂಡಿದ್ದರೆ ಅದನ್ನೂ ತಿಳಿಸಿ.

ಗದ್ದಲ ತಗ್ಗಿದ ಮೇಲೆ ಡಾಕ್ಟರನ್ನು ಕೇಳಿ: ಏನಾಗಿತ್ತು, ಈಗ ಏನು ಮಾಡುತ್ತೀರಿ, ಇನ್ನು ಎಷ್ಟೆಷ್ಟು ಹೊತ್ತಿಗೆ ನೋಡುತ್ತೀರಿ, ನಾವು ಯಾವ ಲಕ್ಷಣ ಕಂಡರೆ ಮತ್ತೆ ಕರೆಯಬೇಕು.

"ಗಂಭೀರವಾದದ್ದೇನೂ ಇಲ್ಲ" ಎಂದು ಅವರು ಹೇಳಿದರೆ ನಾಚಿಕೆಪಡಬೇಕಿಲ್ಲ. ಬಂದು ನೋಡಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಎರಡು ಗಂಟೆ ಬಿಟ್ಟು ಮತ್ತೆ ಅದೇ ಲಕ್ಷಣ ಕಂಡರೆ ಮತ್ತೆ ಕರೆಯಿರಿ, "ಆಗಲೇ ಒಮ್ಮೆ ಕರೆದಾಗಿದೆಯಲ್ಲ" ಎಂದು ಹಿಂಜರಿಯಬೇಡಿ. ನೆಟ್ಟಗಿದ್ದ ರೋಗಿ ಆಮೇಲೆ ಕೆಡುವುದೂ ಉಂಟು.

ಶಿಫ್ಟ್ ಬದಲಾಗುವ ಹೊತ್ತನ್ನು ಮರೆಯಬೇಡಿ. ಹೊಸ ನರ್ಸ್ ಬಂದಾಗ ನೀವೇ ಹೋಗಿ, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿ, ಡಾಕ್ಟರ್ ಮತ್ತೆ ನೋಡುತ್ತೇನೆ ಎಂದ ಸಮಯವನ್ನು ತಿಳಿಸಿ. ಹಾಗೆಯೇ ನಿಮ್ಮ ಜಾಗಕ್ಕೆ ಬರುವ ಮನೆಯವರ ಕೈಗೆ ಬರೀ ಫ್ಲಾಸ್ಕ್ ಕೊಟ್ಟು ಹೊರಡಬೇಡಿ. ನೋಟ್‌ಬುಕ್ ಕೊಡಿ, ಉಸಿರು ಎಣಿಸುವುದನ್ನು ಅವರ ಮುಂದೆ ಒಮ್ಮೆ ಮಾಡಿ ತೋರಿಸಿ, ಅವರೂ ಒಂದು ಸಲ ಎಣಿಸಲಿ. ಇಬ್ಬರ ಲೆಕ್ಕವೂ ಹತ್ತಿರಹತ್ತಿರ ಬಂದರೆ ನೀವು ಮನೆಗೆ ಹೋಗಿ ಮಲಗಬಹುದು.